ಅಲುಗಾಟಕ್ಕೆಲ್ಲ ಒಂದೇ ಪದ ಸಾಲದು

ನಿಲ್ದಾಣದಲ್ಲಿ ಎಂಜಿನ್ ಆಫ್ ಮಾಡದೆ ನಿಂತಿರುವ ಹಳೆಯ ಬಸ್ಸೊಂದನ್ನು ನೆನಪಿಗೆ ತಂದುಕೊಳ್ಳಿ. ಕಿಟಕಿಯ ಗಾಜುಗಳು ಗಡಗಡ ಎನ್ನುತ್ತಿರುತ್ತವೆ. ಮುಂದಿನ ಸೀಟಿನ ಕಂಬಿ ಹಿಡಿದರೆ ಅಂಗೈ ಜುಮ್ಮೆನ್ನುತ್ತದೆ. ಕಂಡಕ್ಟರು ‘ರೈಟ್’ ಎಂದೊಡನೆ ಡ್ರೈವರು ಕ್ಲಚ್ಚು ಬಿಡುತ್ತಾರೆ. ಬಸ್ಸು ಎರಡು ಮೂರು ಸಲ ಜರ್ಕ್ ಹೊಡೆದು ಮುಂದಕ್ಕೆ ಹೊರಡುತ್ತದೆ. ಈಗ ಹೇಳಿ, ಆ ಬಸ್ಸು ಏನು ಮಾಡಿತು? ಇಂಗ್ಲಿಷಿನ ಒಂದೇ ಒಂದು ಕ್ರಿಯಾಪದದಲ್ಲಿ ಹೇಳಬೇಕು.

ಹೆಚ್ಚಿನ ವಿದ್ಯಾರ್ಥಿಗಳು ‘ಶೇಕ್’ ಎನ್ನುತ್ತಾರೆ. ವಿಜ್ಞಾನದ ಪುಸ್ತಕವನ್ನು ಸ್ವಲ್ಪ ಗಮನವಿಟ್ಟು ಓದಿದವರು ‘ವೈಬ್ರೇಟ್’ ಎನ್ನುತ್ತಾರೆ. ಎರಡೂ ತಪ್ಪಲ್ಲ. ಆದರೆ ಈ ಬಗೆಯ ಅಲುಗಾಟಕ್ಕೆಂದೇ ಇಂಗ್ಲಿಷಿನಲ್ಲಿ ಒಂದು ಪದವಿದೆ. ಅದು ‘ಜಡ್ಡರ್’. ಜೆ, ಯು, ಎರಡು ಡಿ, ಇ, ಆರ್ ಎಂದು ಅದರ ಕಾಗುಣಿತ. ದೋಣಿಯ ಚುಕ್ಕಾಣಿಗೆ ಹೇಳುವ ‘ರಡ್ಡರ್’ ಪದದೊಂದಿಗೆ ಪ್ರಾಸ ಕೂಡಿಸಿ ಉಚ್ಚರಿಸಿದರೆ ಸರಿಯಾಗುತ್ತದೆ. ನಮ್ಮ ಕನ್ನಡದ ಜಡ್ಡಿಗೂ ಇದಕ್ಕೂ ಯಾವ ನಂಟೂ ಇಲ್ಲ!

ಈ ಪದ ಪಠ್ಯಪುಸ್ತಕದಲ್ಲಿ ಸಿಗುವುದು ಅಪರೂಪ. ಬ್ರಿಟಿಷ್ ಲೇಖಕರ ಕತೆ ಕಾದಂಬರಿಗಳಲ್ಲಿ, ಇಂಗ್ಲಿಷ್ ಪತ್ರಿಕೆಗಳಲ್ಲಿ, ವಾಹನಗಳ ಕೈಪಿಡಿಗಳಲ್ಲಿ ಆಗಾಗ ಎದುರಾಗುತ್ತದೆ. ಎದುರಾದಾಗ ವಿದ್ಯಾರ್ಥಿ ನಿಘಂಟು ತೆರೆಯುತ್ತಾನೆ, ‘ಜೋರಾಗಿ ನಡುಗು’ ಎಂಬ ಅರ್ಥ ಬರೆದುಕೊಳ್ಳುತ್ತಾನೆ, ಮರುದಿನವೇ ಪ್ರಬಂಧದಲ್ಲಿ ಬಳಸಿಬಿಡುತ್ತಾನೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಹೀಗೆ ಬರೆದಿದ್ದ: ‘ಮೈ ಗ್ರ್ಯಾಂಡ್‌ಮದರ್ ಜಡ್ಡರ್ಡ್ ವಿತ್ ಕೋಲ್ಡ್.’ ಅಜ್ಜಿ ಚಳಿಯಿಂದ ನಡುಗಿದಳು ಎಂಬುದು ಅವನ ಮನಸ್ಸಿನಲ್ಲಿದ್ದ ಮಾತು. ಇಂಗ್ಲಿಷ್ ಬಲ್ಲವರು ಓದಿದರೆ ಅಜ್ಜಿಯ ಹೊಟ್ಟೆಯಲ್ಲಿ ಡೀಸೆಲ್ ಎಂಜಿನ್ ಇದ್ದಂತೆ ಭಾಸವಾಗುತ್ತದೆ.

ನಿಘಂಟು ಸುಳ್ಳು ಹೇಳಿರಲಿಲ್ಲ. ಹುಡುಗ ಸೋಮಾರಿಯೂ ಆಗಿರಲಿಲ್ಲ. ಹಾಗಾದರೆ ವಾಕ್ಯ ಕೆಟ್ಟದ್ದು ಎಲ್ಲಿ? ಈ ವಾರ ಇದೊಂದು ಪ್ರಶ್ನೆಯನ್ನು ಬಿಡಿಸಿ ನೋಡೋಣ. ಉತ್ತರ ಸಿಕ್ಕರೆ ಒಂದು ಪದವಷ್ಟೇ ಅಲ್ಲ, ಪದಗಳನ್ನು ಕಲಿಯುವ ದಾರಿಯೂ ಸಿಕ್ಕಂತಾಗುತ್ತದೆ.

ನಮ್ಮಲ್ಲಿ ಇಲ್ಲದ್ದೇನಲ್ಲ

ಮೊದಲು ನಮ್ಮ ಮನೆಯ ಮಾತನ್ನೇ ನೋಡಿ. ಚಳಿಗೆ ಮೈ ನಡುಗುತ್ತದೆ. ಅಳು ಬರುವ ಮುಂಚೆ ತುಟಿ ಅದುರುತ್ತದೆ. ಬೀಳಲು ಬಂದ ಹಾಲುಹಲ್ಲು ಅಳ್ಳಾಡುತ್ತದೆ. ಗಾಳಿಗೆ ತೆಂಗಿನ ಮರ ಓಲಾಡುತ್ತದೆ, ಭತ್ತದ ತೆನೆ ತೊನೆದಾಡುತ್ತದೆ, ದೀಪದ ಕುಡಿ ಹೊಯ್ದಾಡುತ್ತದೆ. ಕುಡಿದವನು ತೂರಾಡುತ್ತಾನೆ. ಔಷಧಿಯ ಬಾಟಲಿಯನ್ನು ನಾವು ಕುಲುಕುತ್ತೇವೆ. ಹಳ್ಳ ಬಿದ್ದ ರಸ್ತೆಯಲ್ಲಿ ಗಾಡಿ ಎತ್ತಿಹಾಕುತ್ತದೆ.

‘ಹಾಲುಹಲ್ಲು ತೂರಾಡುತ್ತಿದೆ’ ಎಂದು ಒಂದನೆಯ ತರಗತಿಯ ಮಗುವೂ ಹೇಳುವುದಿಲ್ಲ. ‘ತೆಂಗಿನ ಮರ ಅಳ್ಳಾಡುತ್ತಿದೆ’ ಎಂದರೆ ಬುಡ ಸಡಿಲವಾಗಿದೆ ಎಂದು ತಿಳಿದು ಅಪ್ಪ ಓಡಿ ಬಂದಾರು. ಇದನ್ನು ಯಾರೂ ಮಗುವಿಗೆ ಪಟ್ಟಿ ಮಾಡಿ ಉರುಹೊಡೆಸಲಿಲ್ಲ. ಹಲ್ಲು ಅಳ್ಳಾಡುವಾಗ ನಾಲಗೆಯಿಂದ ಮುಟ್ಟಿ ನೋಡಿದೆ, ಆಗಲೇ ಪದವನ್ನೂ ಕೇಳಿದೆ. ಕಂಡದ್ದಕ್ಕೂ ಕೇಳಿದ್ದಕ್ಕೂ ಗಂಟು ಬಿದ್ದಿದೆ.

ಇಂಗ್ಲಿಷರ ಮಕ್ಕಳಿಗೂ ಹಾಗೆಯೇ. ‘ಶಿವರ್’ ಎಂದರೆ ಚಳಿಗೋ ಜ್ವರಕ್ಕೋ ಮೈ ನಡುಗುವುದು. ‘ಟ್ರೆಂಬಲ್’ ಎಂದರೆ ಹೆದರಿಕೆಗೆ, ಸಿಟ್ಟಿಗೆ, ನಿಶ್ಶಕ್ತಿಗೆ ಕೈಕಾಲು ಅಥವಾ ದನಿ ಕಂಪಿಸುವುದು. ‘ಕ್ವಿವರ್’ ಬಹಳ ಸಣ್ಣ, ನವಿರಾದ ಅದುರು. ಅಳುವ ಮಗುವಿನ ತುಟಿ, ಮರಕ್ಕೆ ನಾಟಿಕೊಂಡ ಬಾಣ ಅದಕ್ಕೆ ಉದಾಹರಣೆ. ‘ಶಡ್ಡರ್’ ಎಂದರೆ ಅಸಹ್ಯಕ್ಕೋ ಭೀತಿಗೋ ಇಡೀ ಮೈ ಒಮ್ಮೆ ಜುಂ ಎಂದು ನಡುಗುವುದು. ಅಲೆಗೆ ಸಿಕ್ಕಿದ ದೊಡ್ಡ ಹಡಗಿಗೂ ಈ ಪದ ಸಲ್ಲುತ್ತದೆ. ‘ವಾಬಲ್’ ಎಂದರೆ ಸರಿಯಾಗಿ ಕೂರದ ವಸ್ತು ಆ ಕಡೆ ಈ ಕಡೆ ವಾಲುವುದು. ಒಂದು ಕಾಲು ಗಿಡ್ಡವಾದ ಮೇಜು, ಡೊಂಕಾದ ಸೈಕಲ್ ಚಕ್ರ ಹೀಗೆ ಮಾಡುತ್ತವೆ. ‘ಟಾಟರ್’ ಎಂದರೆ ಬೀಳುವಂತೆ ಹೆಜ್ಜೆ ಹಾಕುವುದು. ‘ಸ್ವೇ’ ಎಂದರೆ ನಿಧಾನವಾಗಿ ಓಲಾಡುವುದು.

ಈ ಸಾಲಿನಲ್ಲಿ ‘ಜಡ್ಡರ್’ಗೆ ತನ್ನದೇ ಜಾಗವಿದೆ. ಅದರಲ್ಲಿ ಮೂರು ಲಕ್ಷಣಗಳು ಸೇರಿರುತ್ತವೆ. ಒಂದು, ಅಲುಗಾಟ ಬೇಗ ಬೇಗ ನಡೆಯಬೇಕು. ಎರಡು, ಅದು ನುಣುಪಾಗಿರಬಾರದು. ತಡೆದು ತಡೆದು, ಜರ್ಕ್ ಹೊಡೆಯುವಂತೆ ಒರಟಾಗಿರಬೇಕು. ಮೂರು, ಅದರಲ್ಲಿ ಬಲವಿರಬೇಕು. ಮುಟ್ಟಿದ ಕೈಗೆ, ಕೂತ ಮೈಗೆ ತಿಳಿಯಬೇಕು. ಈ ಮೂರೂ ಕೂಡುವುದು ಹೆಚ್ಚಾಗಿ ಯಂತ್ರದಲ್ಲಿ. ಆದ್ದರಿಂದಲೇ ರೈಲು, ಲಿಫ್ಟು, ಎಂಜಿನ್ನು, ಬ್ರೇಕು, ಡ್ರಿಲ್ಲು, ಹಳೆಯ ಫ್ರಿಜ್ಜು ‘ಜಡ್ಡರ್’ ಆಗುತ್ತವೆ. ಚಳಿಗೆ ನಡುಗುವ ಅಜ್ಜಿ ‘ಶಿವರ್’ ಆಗುತ್ತಾಳೆ.

ಮೊಬೈಲ್ ಫೋನಿನ ವೈಬ್ರೇಷನ್ನನ್ನು ‘ಜಡ್ಡರ್’ ಎನ್ನಬಹುದೇ ಎಂದು ಕೆಲವರು ಕೇಳಬಹುದು. ಸಾಮಾನ್ಯವಾಗಿ ಇಲ್ಲ. ಅದು ಬೇಗ ನಡೆಯುತ್ತದೆ, ನಿಜ. ಆದರೆ ಒಂದೇ ಸಮನೆ, ನಿಯಮಬದ್ಧವಾಗಿ ನಡೆಯುತ್ತದೆ. ಅದಕ್ಕೆ ‘ವೈಬ್ರೇಟ್’ ಪದವೇ ಸರಿ. ವೀಣೆಯ ತಂತಿ, ಶ್ರುತಿಕವಲು, ಗಂಟಲಿನ ಧ್ವನಿತಂತು ಇವೆಲ್ಲ ‘ವೈಬ್ರೇಟ್’ ಆಗುತ್ತವೆ. ವಿಜ್ಞಾನದಲ್ಲಿ ಕಂಪನ ಎಂದರೆ ಇದೇ.

ಲಂಡನ್ನಿನ ಸೇತುವೆಗೆ ಇಟ್ಟ ಹೆಸರು

ಜನ ಪದವನ್ನು ಎಷ್ಟು ಎಚ್ಚರದಿಂದ ಆರಿಸುತ್ತಾರೆ ಎಂಬುದಕ್ಕೆ ಒಂದು ನಿಜ ಘಟನೆ ಹೇಳುತ್ತೇನೆ. ಲಂಡನ್ನಿನ ಥೇಮ್ಸ್ ನದಿಗೆ ಅಡ್ಡವಾಗಿ ಪಾದಚಾರಿಗಳಿಗೆಂದೇ ಕಟ್ಟಿದ ಮಿಲೇನಿಯಮ್ ಸೇತುವೆ 2000ದ ಜೂನ್ 10ರಂದು ತೆರೆಯಿತು. ಜನ ಗುಂಪುಗುಂಪಾಗಿ ನಡೆಯತೊಡಗಿದೊಡನೆ ಸೇತುವೆ ಎಡಕ್ಕೂ ಬಲಕ್ಕೂ ಓಲಾಡತೊಡಗಿತು. ಓಲಾಡುವ ನೆಲದ ಮೇಲೆ ಬೀಳದಂತೆ ನಡೆಯಲು ಜನ ತಮಗೆ ತಿಳಿಯದೆಯೇ ಅದರ ಲಯಕ್ಕೆ ಹೆಜ್ಜೆ ಹೊಂದಿಸಿದರು. ಅದರಿಂದ ಓಲಾಟ ಇನ್ನಷ್ಟು ಹೆಚ್ಚಿತು. ಎರಡೇ ದಿನಗಳಲ್ಲಿ ಸೇತುವೆಯನ್ನು ಮುಚ್ಚಬೇಕಾಯಿತು. ಅಲುಗಾಟದ ಶಕ್ತಿಯನ್ನು ಹೀರಿಕೊಳ್ಳುವ ಸಾಧನಗಳನ್ನು ಕೆಳಗೆ ಜೋಡಿಸಿದ ಮೇಲೆ 2002ರ ಫೆಬ್ರವರಿಯಲ್ಲಿ ಮತ್ತೆ ತೆರೆದರು.

ಆ ಸೇತುವೆಗೆ ಲಂಡನ್ನಿನವರು ಇಟ್ಟ ಅಡ್ಡಹೆಸರು ‘ವಾಬ್ಲಿ ಬ್ರಿಜ್’. ‘ಜಡ್ಡರ್’ ಎಂಬ ಪದ ಅಲ್ಲಿನವರದೇ ಆದರೂ ಅದನ್ನು ಯಾರೂ ಈ ಸೇತುವೆಗೆ ಅಂಟಿಸಲಿಲ್ಲ. ಏಕೆಂದರೆ ಆ ಅಲುಗಾಟ ನಿಧಾನವಾಗಿತ್ತು, ಅಗಲವಾಗಿತ್ತು, ಪಕ್ಕದಿಂದ ಪಕ್ಕಕ್ಕೆ ಇತ್ತು. ಅದೇ ಸೇತುವೆಯ ಮೇಲೆ ರಸ್ತೆ ಅಗೆಯುವ ಯಂತ್ರವನ್ನಿಟ್ಟು ಓಡಿಸಿದ್ದರೆ, ಹಿಡಿದವನ ಕೈಯಲ್ಲಿ ಆ ಯಂತ್ರ ‘ಜಡ್ಡರ್’ ಆಗುತ್ತಿತ್ತು.

ಪದ ಹುಟ್ಟಿದ್ದು ಹೇಗೆ?

‘ಶಡ್ಡರ್’ ಎಂಬ ಪದ ಇಂಗ್ಲಿಷಿನಲ್ಲಿ ಆರು ನೂರು ವರ್ಷಗಳಿಗೂ ಹಳೆಯದು. ‘ಜಡ್ಡರ್’ ಮಾತ್ರ ಬರಹದಲ್ಲಿ ಕಾಣಿಸಿಕೊಂಡದ್ದು 1930ರ ದಶಕದಲ್ಲಿ. ಮೋಟಾರು ವಾಹನಗಳು ಮಾಮೂಲಾಗಿದ್ದ ಕಾಲ ಅದು. ‘ಶಡ್ಡರ್’ ಪದದ ಮಾದರಿಯಲ್ಲಿ, ಸದ್ದನ್ನು ಅನುಕರಿಸಿ ಹುಟ್ಟಿದ ಪದ ಇದು ಎನ್ನುತ್ತಾರೆ ನಿಘಂಟುಕಾರರು. ಮೊದಲಲ್ಲಿರುವ ‘ಜ’ಕಾರವನ್ನು ಗಮನಿಸಿ. ‘ಜೋಲ್ಟ್’, ‘ಜರ್ಕ್’, ‘ಜಾರ್’, ‘ಜಾಗಲ್’ ಹೀಗೆ ಅಲುಗಾಟವನ್ನೂ ಆಘಾತವನ್ನೂ ಸೂಚಿಸುವ ಹಲವು ಇಂಗ್ಲಿಷ್ ಪದಗಳು ಅದೇ ಅಕ್ಷರದಿಂದ ಆರಂಭವಾಗುತ್ತವೆ.

ಕೊನೆಯಲ್ಲಿರುವ ‘ಅರ್’ ಎಂಬ ಸದ್ದನ್ನೂ ಬಿಡಬೇಡಿ. ಇಂಗ್ಲಿಷಿನಲ್ಲಿ ಒಂದೇ ಕ್ರಿಯೆ ಮತ್ತೆ ಮತ್ತೆ ನಡೆಯುವುದನ್ನು ಹೇಳುವ ಅನೇಕ ಕ್ರಿಯಾಪದಗಳು ಹೀಗೇ ಮುಗಿಯುತ್ತವೆ. ‘ಪ್ಯಾಟ್’ ಎಂದರೆ ಒಮ್ಮೆ ಮೆಲ್ಲಗೆ ತಟ್ಟುವುದು. ‘ಪ್ಯಾಟರ್’ ಎಂದರೆ ಮಳೆಹನಿಯಂತೆ ಪಟಪಟ ಬೀಳುವುದು. ‘ಫ್ಲಿಕರ್’, ‘ಫ್ಲಟರ್’, ‘ಕ್ಲಾಟರ್’, ‘ಶಿವರ್’, ‘ಕ್ವಿವರ್’ ಎಲ್ಲವುಗಳಲ್ಲೂ ಪುನರಾವರ್ತನೆ ಅಡಗಿದೆ. ಇದಕ್ಕೆ ಸಮನಾಗಿ ನಾವು ಕನ್ನಡದಲ್ಲಿ ಪದವನ್ನೇ ಎರಡು ಸಲ ಹೇಳುತ್ತೇವೆ: ಗಡಗಡ, ಥರಥರ, ಪಟಪಟ, ಲಟಲಟ. ವ್ಯಾಕರಣದ ತರಗತಿಯಲ್ಲಿ ಅನುಕರಣಾವ್ಯಯ ಎಂದು ನೀವು ಕಲಿತದ್ದು ಇದನ್ನೇ. ಅಂದರೆ ‘ಜಡ್ಡರ್’ ಎಂಬ ಒಂದು ಪದದಲ್ಲಿ ನಮ್ಮ ‘ಗಡಗಡ’ ಎಂಬ ಸದ್ದೂ ‘ಅದುರು’ ಎಂಬ ಕ್ರಿಯೆಯೂ ಸೇರಿಕೊಂಡಿವೆ. ಹೀಗೆ ಹಿಡಿದುಕೊಂಡರೆ ಪದ ಮರೆಯುವುದಿಲ್ಲ.

ಇದು ಮುಖ್ಯವಾಗಿ ಬ್ರಿಟಿಷರ ಪದ. ಅಮೆರಿಕದ ಮೆಕ್ಯಾನಿಕ್ಕು ಇದೇ ಕ್ಲಚ್ಚಿನ ದೋಷಕ್ಕೆ ‘ಚ್ಯಾಟರ್’ ಎನ್ನುತ್ತಾನೆ. ಚಳಿಗೆ ಹಲ್ಲು ಕಟಕಟಿಸುವುದಕ್ಕೂ ಅದೇ ಪದ. ನ್ಯೂಜಿಲೆಂಡಿನಲ್ಲಿ ಇನ್ನೂ ಸ್ವಾರಸ್ಯವಿದೆ. ನಾವು ರಸ್ತೆ ಉಬ್ಬು, ಹಂಪ್ ಎನ್ನುವುದನ್ನು ಅಲ್ಲಿನವರು ‘ಜಡ್ಡರ್ ಬಾರ್’ ಎನ್ನುತ್ತಾರೆ. ಉಬ್ಬನ್ನು ಹಾರಿಸಿದ ಗಾಡಿಗೆ ಏನಾಗುತ್ತದೆ ಎಂಬುದು ಹೆಸರಿನಲ್ಲೇ ಇದೆ.

ವಾಕ್ಯದಲ್ಲಿ ಬಳಸುವ ಬಗೆ

ಈಗ ವ್ಯಾಕರಣಕ್ಕೆ ಬರೋಣ. ‘ಜಡ್ಡರ್’ ಅಕರ್ಮಕ ಕ್ರಿಯಾಪದ. ವಸ್ತು ತಾನೇ ಅದುರುತ್ತದೆ. ಯಾರೂ ಅದನ್ನು ‘ಜಡ್ಡರ್’ ಮಾಡುವುದಿಲ್ಲ. ‘ದಿ ಬಸ್ ಜಡ್ಡರ್ಡ್’ ಸರಿ. ‘ದಿ ಡ್ರೈವರ್ ಜಡ್ಡರ್ಡ್ ದಿ ಬಸ್’ ಸರಿಯಲ್ಲ. ಹಾಗೆ ಹೇಳಲೇಬೇಕಾದರೆ ‘ಮೇಡ್ ದಿ ಬಸ್ ಜಡ್ಡರ್’ ಎನ್ನಬೇಕು. ಕನ್ನಡದಲ್ಲಿ ಈ ವ್ಯತ್ಯಾಸ ಬಹಳ ಸುಲಭ. ಅದುರು ಎಂಬುದಕ್ಕೆ ‘ಇಸು’ ಹಚ್ಚಿದರೆ ಅದುರಿಸು, ನಡುಗು, ನಡುಗಿಸು, ಅಲುಗು, ಅಲುಗಿಸು. ಇಂಗ್ಲಿಷಿನ ‘ಶೇಕ್’ ಎರಡು ಕೆಲಸವನ್ನೂ ಒಂದೇ ರೂಪದಲ್ಲಿ ಮಾಡುತ್ತದೆ. ಅದನ್ನೇ ರೂಢಿ ಮಾಡಿಕೊಂಡವರು ‘ಜಡ್ಡರ್’ ಕೂಡ ಹಾಗೆಯೇ ಎಂದು ಎಣಿಸಿ ಎಡವುತ್ತಾರೆ.

ಎರಡನೆಯದಾಗಿ, ಈ ಪದ ಯಾರ ಜೊತೆ ಓಡಾಡುತ್ತದೆ ಎಂಬುದನ್ನು ನೋಡಿ. ಮನುಷ್ಯರ ಹಾಗೆ ಪದಗಳಿಗೂ ಒಡನಾಡಿಗಳಿರುತ್ತಾರೆ. ‘ಜಡ್ಡರ್’ ಪದದ ಅತ್ಯಂತ ಹತ್ತಿರದ ಒಡನಾಡಿ ‘ಟು ಎ ಹಾಲ್ಟ್’. ‘ದಿ ಟ್ರೇನ್ ಜಡ್ಡರ್ಡ್ ಟು ಎ ಹಾಲ್ಟ್’ ಎಂದರೆ ರೈಲು ಗಡಗಡ ಅದುರುತ್ತಾ, ಜರ್ಕ್ ಹೊಡೆಯುತ್ತಾ ಬಂದು ನಿಂತಿತು ಎಂದರ್ಥ. ನಿಂತಿತು ಎನ್ನುವ ಕ್ರಿಯಾಪದ ಇಂಗ್ಲಿಷ್ ವಾಕ್ಯದಲ್ಲಿ ಇಲ್ಲವೇ ಇಲ್ಲ. ನಿಂತ ರೀತಿಯೇ ಕ್ರಿಯಾಪದವಾಗಿದೆ. ಕನ್ನಡದಲ್ಲಿ ನಾವು ರೀತಿಯನ್ನು ‘ಅದುರುತ್ತಾ’ ಎಂದು ಬೇರೆಯಾಗಿ ಹೇಳಿ, ಕೊನೆಗೆ ‘ನಿಂತಿತು’ ಎಂದು ಮುಗಿಸುತ್ತೇವೆ. ಎರಡು ಭಾಷೆಗಳ ವಾಕ್ಯರಚನೆಯ ದೊಡ್ಡ ಭೇದವೊಂದು ಈ ಚಿಕ್ಕ ವಾಕ್ಯದಲ್ಲಿ ಕಾಣುತ್ತದೆ.

ಯಂತ್ರ ಚಾಲೂ ಆಗುವಾಗ ‘ಇನ್‌ಟು ಲೈಫ್’ ಎಂಬುದು ಒಡನಾಡಿ. ‘ದಿ ಓಲ್ಡ್ ಪಂಪ್ ಜಡ್ಡರ್ಡ್ ಇನ್‌ಟು ಲೈಫ್’ ಎಂದರೆ ಹಳೆಯ ಪಂಪು ಗಡಗಡ ಎಂದು ಒಮ್ಮೆ ಮೈಕೊಡವಿ ಓಡತೊಡಗಿತು. ಇದೇ ರೂಪವನ್ನು ನಾಮಪದವಾಗಿಯೂ ಬಳಸುತ್ತಾರೆ. ‘ದಿ ಲಿಫ್ಟ್ ಸ್ಟಾಪ್ಡ್ ವಿತ್ ಎ ಜಡ್ಡರ್’ ಎಂದರೆ ಲಿಫ್ಟು ಒಮ್ಮೆ ಅದುರಿ ನಿಂತಿತು. ಪತ್ರಿಕೆಯವರು ಇದನ್ನು ಅಲಂಕಾರಿಕವಾಗಿಯೂ ಬಳಸುತ್ತಾರೆ. ಮಾತುಕತೆ, ಉದ್ಯಮ, ಯೋಜನೆ ಹೀಗೆ ಓಡುತ್ತಿದ್ದುದು ಕಷ್ಟಪಟ್ಟು ನಿಂತುಹೋದರೆ ಅದೂ ‘ಜಡ್ಡರ್ಡ್ ಟು ಎ ಹಾಲ್ಟ್’.

ಕಾಗುಣಿತದ ಬಗ್ಗೆ ಒಂದು ಮಾತು. ಭೂತಕಾಲದ ರೂಪ ಬರೆಯುವಾಗ ಕೆಲವರು ಕೊನೆಯ ‘ಆರ್’ ಅಕ್ಷರವನ್ನು ಎರಡು ಸಲ ಬರೆಯುತ್ತಾರೆ. ಅದು ಬೇಡ. ಒತ್ತು ಪದದ ಮೊದಲ ಭಾಗದ ಮೇಲಿದ್ದರೆ ‘ಆರ್’ ದ್ವಿತ್ವವಾಗುವುದಿಲ್ಲ. ‘ಆಫರ್’, ‘ಆಫರ್ಡ್’ ಇದ್ದ ಹಾಗೆ. ಒತ್ತು ಕೊನೆಯ ಭಾಗದ ಮೇಲಿರುವ ‘ರೆಫರ್’ ಪದಕ್ಕೆ ಮಾತ್ರ ಎರಡು ‘ಆರ್’ ಬೇಕು.

ಅಲುಗಾಟದ ಹಿಂದಿನ ವಿಜ್ಞಾನ

ವಿಜ್ಞಾನದ ಮೇಷ್ಟರಾದ ನನಗೆ ಈ ಪದದ ಮೇಲೆ ಪ್ರೀತಿ ಬರಲು ಇನ್ನೊಂದು ಕಾರಣವಿದೆ. ವಸ್ತುಗಳು ಹೀಗೆ ತಡೆದು ತಡೆದು ಅದುರುವುದೇಕೆ ಎಂದು ಕೇಳಿದರೆ ಎಂಟನೆಯ ತರಗತಿಯ ಘರ್ಷಣೆಯ ಪಾಠಕ್ಕೆ ಜೀವ ಬರುತ್ತದೆ.

ನಾಲ್ಕೈದು ನೋಟ್ ಪುಸ್ತಕಗಳನ್ನು ಒಂದರ ಮೇಲೊಂದಿಟ್ಟು ದಾರದಿಂದ ಕಟ್ಟಿ. ದಾರಕ್ಕೆ ಒಂದು ರಬ್ಬರ್ ಬ್ಯಾಂಡ್ ಸಿಕ್ಕಿಸಿ, ಮೇಜಿನ ಮೇಲೆ ಬಹಳ ನಿಧಾನವಾಗಿ ಎಳೆಯಿರಿ. ಮೊದಲು ಪುಸ್ತಕ ಕದಲುವುದಿಲ್ಲ, ರಬ್ಬರ್ ಮಾತ್ರ ಹಿಗ್ಗುತ್ತದೆ. ಒಂದು ಹಂತದಲ್ಲಿ ಪುಸ್ತಕ ಫಕ್ಕನೆ ಜಾರಿ ಮುಂದೆ ಬಂದು ಮತ್ತೆ ನಿಲ್ಲುತ್ತದೆ. ರಬ್ಬರ್ ಮತ್ತೆ ಹಿಗ್ಗುತ್ತದೆ, ಪುಸ್ತಕ ಮತ್ತೆ ಜಾರುತ್ತದೆ. ನೀವು ಒಂದೇ ಸಮನೆ ಎಳೆಯುತ್ತಿದ್ದರೂ ಅದು ಜರ್ಕ್ ಹೊಡೆಯುತ್ತಾ ಸಾಗುತ್ತದೆ. ಇದಕ್ಕೆ ಕಾರಣ, ನಿಂತ ವಸ್ತುವನ್ನು ಕದಲಿಸುವಾಗ ಎದುರಾಗುವ ಸ್ಥಾಯಿ ಘರ್ಷಣೆ, ಅದು ಜಾರುವಾಗ ಇರುವ ಜಾರು ಘರ್ಷಣೆಗಿಂತ ಹೆಚ್ಚು. ಹಿಡಿದುಕೊಳ್ಳುವುದು, ಬಿಡುವುದು, ಮತ್ತೆ ಹಿಡಿದುಕೊಳ್ಳುವುದು. ಈ ಆಟವೇ ‘ಜಡ್ಡರ್’ನ ಒಂದು ಮುಖ್ಯ ಮೂಲ.

ಕಪ್ಪುಹಲಗೆ ಇರುವ ಶಾಲೆಯಲ್ಲಿ ಇನ್ನೂ ಚೆನ್ನಾಗಿ ತೋರಿಸಬಹುದು. ಸೀಮೆಸುಣ್ಣವನ್ನು ಹಲಗೆಗೆ ಸ್ವಲ್ಪ ನೆಟ್ಟಗೆ ಸಡಿಲವಾಗಿ ಹಿಡಿದು, ಎಳೆಯುವ ಬದಲು ಮುಂದಕ್ಕೆ ತಳ್ಳಿ. ಕೈ ಪಳಗಿದರೆ ಗೆರೆಯ ಬದಲು ಸಾಲು ಚುಕ್ಕೆಗಳು ಮೂಡುತ್ತವೆ. ಒಂದೊಂದು ಚುಕ್ಕೆಯೂ ಸುಣ್ಣ ಹಲಗೆಯನ್ನು ಕಚ್ಚಿಕೊಂಡ ಜಾಗ. ನಡುವಿನ ಖಾಲಿ ಜಾಗ ಅದು ಹಾರಿದ ಜಾಗ. ‘ಜಡ್ಡರ್’ ಎಂಬ ಪದದ ಚಿತ್ರ ಬೇಕೆಂದರೆ ಈ ಚುಕ್ಕೆಗೆರೆಯೇ ಸಾಕು.

ಒಣಗಿದ ಗಾಜಿನ ಮೇಲೆ ಕಾರಿನ ವೈಪರ್ ತಡೆದು ತಡೆದು ಓಡುವುದೂ, ಎಣ್ಣೆ ಕಾಣದ ಬಾಗಿಲು ಕಿರ್ರೆನ್ನುವುದೂ ಇದೇ ತತ್ತ್ವದಿಂದ. ಪಿಟೀಲಿನ ಕಮಾನು ಕೂಡ ತಂತಿಯನ್ನು ಹಿಡಿದು ಬಿಡುತ್ತದೆ. ಇದನ್ನು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿವರಿಸಿದ. ಪಾಶ್ಚಾತ್ಯ ಶ್ರುತಿಯಲ್ಲಿ ಪಿಟೀಲಿನ ಒಂದು ತಂತಿ ಸೆಕೆಂಡಿಗೆ 440 ಸಲ ಹೀಗೆ ಹಿಡಿದು ಬಿಡುವ ಆಟ ಆಡುತ್ತದೆ. ಹಿಡಿದು ಬಿಡುವುದರಲ್ಲಿ ಲಯ ಕೂಡಿದರೆ ಸಂಗೀತ, ಲಯ ತಪ್ಪಿದರೆ ಕರ್ಕಶ. ಭೂಮಿಯ ಒಳಗಿನ ಶಿಲೆಗಳೂ ಹೀಗೆ ಕಚ್ಚಿಕೊಂಡು ಜಾರುವುದರಿಂದ ಭೂಕಂಪವಾಗಬಹುದೆಂದು ಬ್ರೇಸ್ ಮತ್ತು ಬೈಯರ್ಲಿ ಎಂಬ ವಿಜ್ಞಾನಿಗಳು 1966ರಲ್ಲಿ ಸೂಚಿಸಿದರು. ಪುಸ್ತಕಕ್ಕೆ ಕಟ್ಟಿದ ರಬ್ಬರ್ ಬ್ಯಾಂಡಿನಿಂದ ಭೂಕಂಪದವರೆಗೆ ದಾರಿ ಒಂದೇ!

ಬಸ್ಸಿನ ಎಂಜಿನ್ನಿನ ಕತೆ ಸ್ವಲ್ಪ ಬೇರೆ. ಆರು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 10 ಸುತ್ತು. ಎರಡು ಸುತ್ತಿಗೆ ಪ್ರತಿ ಸಿಲಿಂಡರಿನಲ್ಲೂ ಒಂದು ಸಲ ಇಂಧನ ಉರಿಯುವುದರಿಂದ ಸುತ್ತಿಗೆ 3 ತಳ್ಳು, ಸೆಕೆಂಡಿಗೆ 30 ತಳ್ಳು ಬೀಳುತ್ತವೆ. ಒಂದು ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿದ್ದರೆ ಆ ತಾಳ ತಪ್ಪುತ್ತದೆ. ಆಗ ಇಡೀ ಬಸ್ಸು ‘ಜಡ್ಡರ್’ ಆಗುತ್ತದೆ.

ಎಂಜಿನ್ ಆಫ್ ಮಾಡಿದ ಕ್ಷಣದಲ್ಲಿ ಬಸ್ಸು ಒಮ್ಮೆ ಜೋರಾಗಿ ಅಲುಗಿ ಸುಮ್ಮನಾಗುವುದನ್ನು ಗಮನಿಸಿದ್ದೀರಾ? ಮನೆಯ ಹಳೆಯ ಫ್ರಿಜ್ಜೂ ಹಾಗೆಯೇ ಮಾಡುತ್ತದೆ. ಉಯ್ಯಾಲೆಗೆ ಅದರದೇ ಒಂದು ಲಯ ಇರುವಂತೆ, ಎಂಜಿನ್ ಕೂತಿರುವ ರಬ್ಬರಿಗೂ ಫ್ರಿಜ್ಜಿನ ಕಂಪ್ರೆಸರ್ ಕೂತಿರುವ ಸ್ಪ್ರಿಂಗಿಗೂ ಅದರದೇ ಲಯವಿದೆ. ಯಂತ್ರದ ವೇಗ ಇಳಿಯುತ್ತಾ ಬಂದು ಒಂದು ಕ್ಷಣ ಆ ಲಯಕ್ಕೆ ಸರಿಹೊಂದಿದಾಗ ಅಲುಗಾಟ ಹಿಗ್ಗುತ್ತದೆ. ನೀವು ರೆಸೊನೆನ್ಸ್ ಎಂದು ಕಲಿಯುವುದು ಇದನ್ನೇ. ‘ಟು ಎ ಹಾಲ್ಟ್’ ಎಂಬುದು ‘ಜಡ್ಡರ್’ ಪದಕ್ಕೆ ಅಷ್ಟು ಹತ್ತಿರದ ಒಡನಾಡಿ ಆದದ್ದಕ್ಕೆ ಇದೂ ಒಂದು ಕಾರಣ ಇರಬಹುದೇ? ಇಂಥ ಯಂತ್ರಗಳು ನಿಲ್ಲುವಾಗ ಜೋರಾಗಿ ಅದುರುತ್ತವೆ. ಅದನ್ನು ಕಂಡವರ ಬಾಯಲ್ಲಿ ಎರಡೂ ಜೊತೆಯಾಗಿ ಬಂದಿರಬಹುದು.

ದೂರದರ್ಶನದ ಪರದೆಯ ಮೇಲೂ ಈ ಪದ ಬಂದಿದೆ. ಸಿನಿಮಾ ಚಿತ್ರೀಕರಣ ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರಗಳಂತೆ ನಡೆಯುತ್ತದೆ. ಸೆಕೆಂಡಿಗೆ 60 ಸಲ ಚಿತ್ರ ಮೂಡಿಸುವ ಪರದೆಗೆ ಇದನ್ನು ಹೊಂದಿಸಲು 60ನ್ನು 24ರಿಂದ ಭಾಗಿಸಿದರೆ ಎರಡೂವರೆ ಬರುತ್ತದೆ. ಅರ್ಧ ಚಿತ್ರ ತೋರಿಸುವಂತಿಲ್ಲ. ಆದ್ದರಿಂದ ಒಂದು ಚಿತ್ರವನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸುತ್ತಾರೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವ ದೃಶ್ಯದಲ್ಲಿ ಇದರಿಂದ ಚಿತ್ರ ತಡೆದು ತಡೆದು ಸರಿದಂತೆ ಕಾಣುತ್ತದೆ. ಅದಕ್ಕೂ ‘ಜಡ್ಡರ್’ ಎಂದೇ ಹೆಸರು. ಇಂದಿನ ಕೆಲವು ಟಿ.ವಿ. ಸೆಟ್ಟುಗಳಲ್ಲಿ ಇದನ್ನು ಕಡಿಮೆ ಮಾಡುವ ಆಯ್ಕೆಗೆ ಈ ಪದವನ್ನೇ ಬಳಸಿರುತ್ತಾರೆ. ನಿಮ್ಮ ಮನೆಯ ಸೆಟ್ಟಿನಲ್ಲಿ ಇದೆಯೇ ಎಂದು ಹುಡುಕಿ ನೋಡಿ.

ಪರೀಕ್ಷೆಗಷ್ಟೇ ಅಲ್ಲ

ಇಷ್ಟೆಲ್ಲ ಸೂಕ್ಷ್ಮ ಏಕೆ, ‘ಶೇಕ್’ ಎಂದರೆ ಸಾಲದೇ ಎಂದು ಕೇಳುವ ತಂದೆತಾಯಿಗಳಿಗೆ ಎರಡು ಉದಾಹರಣೆ ಕೊಡುತ್ತೇನೆ. ಸ್ಕೂಟರು ಕೆಟ್ಟಿದೆ. ಮೆಕ್ಯಾನಿಕ್ಕನ ಬಳಿ ಹೋಗಿ ‘ಗಾಡಿ ಅಲ್ಲಾಡುತ್ತೆ’ ಎಂದರೆ ಅವನು ಎಲ್ಲಿಂದ ಹುಡುಕಬೇಕು? ನಿಂತಲ್ಲೇ ಅದುರುತ್ತದೆಯೇ, ಹೊರಡುವಾಗ ಜರ್ಕ್ ಹೊಡೆಯುತ್ತದೆಯೇ, ಬ್ರೇಕು ಹಿಡಿದಾಗ ಮಾತ್ರವೇ, ವೇಗದಲ್ಲಿ ಹ್ಯಾಂಡಲ್ ಓಲಾಡುತ್ತದೆಯೇ? ಒಂದೊಂದಕ್ಕೂ ಕಾರಣ ಬೇರೆ, ಖರ್ಚು ಬೇರೆ. ಕಾರಿನಲ್ಲಿ ಹೊರಡುವಾಗ ಅದುರಿದರೆ ಕ್ಲಚ್ಚಿನ ಮೇಲೆ ಸಂಶಯ. ಬ್ರೇಕು ಒತ್ತಿದಾಗ ಮಾತ್ರ ಅದುರಿದರೆ ಬ್ರೇಕಿನ ಡಿಸ್ಕು ಎಲ್ಲ ಕಡೆ ಒಂದೇ ದಪ್ಪವಾಗಿ ಉಳಿದಿಲ್ಲವೇನೋ ಎಂಬ ಸಂಶಯ.

ಎರಡನೆಯದು ಇನ್ನೂ ಮುಖ್ಯ. ಮನೆಯ ಹಿರಿಯರೊಬ್ಬರ ಕೈ ನಡುಗುತ್ತದೆ. ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು: ಕೈ ಸುಮ್ಮನೆ ತೊಡೆಯ ಮೇಲಿಟ್ಟಾಗ ನಡುಗುತ್ತದೆಯೋ, ಕಾಫಿ ಲೋಟ ಎತ್ತುವಾಗ ನಡುಗುತ್ತದೆಯೋ? ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ‘ನಡುಗುವ ಪಾರ್ಶ್ವವಾಯು’ ಎಂಬ ಅರ್ಥದ ಹೆಸರಿಟ್ಟು ಒಂದು ಪ್ರಬಂಧ ಪ್ರಕಟಿಸಿದ. ಕೇವಲ ಆರು ಮಂದಿಯನ್ನು ಗಮನವಿಟ್ಟು ನೋಡಿ ಬರೆದ ಪ್ರಬಂಧ ಅದು. ಅವರಲ್ಲಿ ಕೆಲವರನ್ನು ಬೀದಿಯಲ್ಲಿ ಕಂಡಿದ್ದನಷ್ಟೇ. ಮುಂದೆ ಆ ರೋಗಕ್ಕೆ ಅವನ ಹೆಸರೇ ಬಂತು. ಆ ರೋಗದಲ್ಲಿ ಕೈ ವಿಶ್ರಾಂತಿಯಲ್ಲಿದ್ದಾಗಲೇ ನಡುಕ ಹೆಚ್ಚು ಕಾಣುವುದು. ಎಲ್ಲ ನಡುಕವೂ ಒಂದೇ ಎಂದುಕೊಂಡವರಿಗೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಮನೆಯವರು ಅದನ್ನು ಗಮನಿಸಿ ಹೇಳಿದರೆ ವೈದ್ಯರ ದಾರಿ ಎಷ್ಟೋ ಸುಗಮವಾಗುತ್ತದೆ.

ಪದಗಳ ನಡುವಿನ ಭೇದ ತಿಳಿಯುವುದೆಂದರೆ ವಸ್ತುಗಳ ನಡುವಿನ ಭೇದ ನೋಡುವುದು. ಆದ್ದರಿಂದ ಮನೆಯಲ್ಲಿ ಕನ್ನಡ ಆಡಿದರೆ ಮಗುವಿನ ಇಂಗ್ಲಿಷ್ ಕೆಡುತ್ತದೆ ಎಂದು ಹೆದರುವ ಪೋಷಕರಿಗೆ ನನ್ನ ವಿನಂತಿ ಇಷ್ಟೇ. ಹಲ್ಲು ಅಳ್ಳಾಡುವುದಕ್ಕೂ ಮರ ಓಲಾಡುವುದಕ್ಕೂ ಭೇದ ಬಲ್ಲ ಮಗುವಿಗೆ ‘ವಾಬಲ್’, ‘ಸ್ವೇ’ ಕಲಿಸಲು ಐದು ನಿಮಿಷ ಸಾಕು. ಅರ್ಧ ಕೆಲಸವನ್ನು ಅಜ್ಜಿ ಅಡುಗೆಮನೆಯಲ್ಲೇ ಮಾಡಿ ಮುಗಿಸಿರುತ್ತಾಳೆ. ಎಲ್ಲಕ್ಕೂ ‘ಶೇಕ್ ಆಗ್ತಿದೆ’ ಎನ್ನುವ ಮಗುವಿಗೆ ಕಲಿಸುವುದು ಕಷ್ಟ. ಅದರ ಬಳಿ ಕನ್ನಡದ ಪದವೂ ಇಲ್ಲ, ಇಂಗ್ಲಿಷಿನದೂ ಇಲ್ಲ.

ವಿದ್ಯಾರ್ಥಿ ಮಿತ್ರರೇ, ಹೊಸ ಪದ ಕಲಿತ ಹುರುಪಿನಲ್ಲಿ ಅದನ್ನು ಎಲ್ಲೆಂದರಲ್ಲಿ ಸುರಿಯಬೇಡಿ. ಅಪರೂಪದ ಪದ ಒಗ್ಗರಣೆಯ ಇಂಗಿನ ಹಾಗೆ. ಚಿಟಿಕೆ ಇದ್ದರೆ ಘಮ, ಹಿಡಿ ಹಾಕಿದರೆ ಸಾರು ಹಾಳು. ಇಡೀ ಪ್ರಬಂಧದಲ್ಲಿ ಒಂದು ಸಲ, ಸರಿಯಾದ ಜಾಗದಲ್ಲಿ ಬಂದರೆ ಪರೀಕ್ಷಕರ ಕಣ್ಣು ಅಲ್ಲಿ ನಿಲ್ಲುತ್ತದೆ. ಸಂದೇಹವಿದ್ದರೆ ‘ಶೇಕ್’ ಎಂದೇ ಬರೆಯಿರಿ. ಅದರಿಂದ ಅಂಕ ಹೋಗುವುದಿಲ್ಲ.

ಈ ವಾರದ ಕೆಲಸ ಹೀಗಿದೆ. ಮನೆ, ಬೀದಿ, ಹೊಲ, ಶಾಲೆ ಎಲ್ಲಾದರೂ ಸರಿ, ಅಲುಗಾಡುವ ಹತ್ತು ವಸ್ತುಗಳನ್ನು ಗುರುತಿಸಿ. ಪ್ರತಿಯೊಂದರ ಮುಂದೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಅದು ಜೀವಿಯೋ, ಯಂತ್ರವೋ, ಬೇರೆ ವಸ್ತುವೋ? ಅಲುಗಾಟ ಬೇಗವೋ ನಿಧಾನವೋ? ನುಣುಪೋ ಒರಟೋ? ಯಾವಾಗ ಶುರುವಾಗಿ ಯಾವಾಗ ನಿಲ್ಲುತ್ತದೆ? ಆಮೇಲೆ ನಿಮ್ಮ ಮನೆಯಲ್ಲಿ ಅದಕ್ಕೆ ಹೇಳುವ ಕನ್ನಡ ಪದ ಬರೆಯಿರಿ. ತೋಚದಿದ್ದರೆ ಹಿರಿಯರನ್ನು ಕೇಳಿ. ಕೊನೆಯಲ್ಲಿ ಇಂಗ್ಲಿಷ್ ಪದ ಆರಿಸಿ ಒಂದು ವಾಕ್ಯ ಮಾಡಿ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಶಾಲೆಯ ಗ್ರಂಥಾಲಯದಲ್ಲಿದ್ದರೆ ಅದನ್ನೂ ತೆರೆದು ಹೋಲಿಸಿ. ಸೀಲಿಂಗ್ ಫ್ಯಾನು, ಮಿಕ್ಸಿ, ತೊಟ್ಟಿಲು, ಟ್ರಾಕ್ಟರು, ಗಾಳಿಪಟದ ಬಾಲ ಇವು ನಿಮ್ಮ ಪಟ್ಟಿಯಲ್ಲಿರಲಿ. ಐದರಲ್ಲಿ ಎಷ್ಟು ‘ಜಡ್ಡರ್’ ಆಗುತ್ತವೆ ಎಂಬುದನ್ನು ಕೂತಲ್ಲೇ ಊಹಿಸಬೇಡಿ. ಎದ್ದು ಹೋಗಿ ನೋಡಿ ಬರೆಯಿರಿ.